ಕೆಟಲ್ ಇಲ್ಲದ ಊರಿನಲ್ಲಿ ಒಂಬತ್ತು ದಿನ

ಬೆಟಗೇರಿ,
ಫೆಬ್ರವರಿ ೩೧, ೨೧೮೬

ನಮ್ಮ ಮನೆಯಿರುವ ಈ ಜಾಗದಲ್ಲಿ ನಿಮ್ಮ ಕಾಲಕ್ಕೆ ವಾಸವಾಗಿರುವವರಿಗೆ ದಾನಮ್ಮ ಶಿರೂರ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಶತಮಾನಗಳಿಂದ ಅನ್ಯಾಯವಾಗಿದೆಯೆಂದು ನಮ್ಮವರು ಹೋರಾಟ ಮಾಡಿ ಅದಕ್ಕೂ ಮೂವತ್ತೊಂದು ದಿನ ಕೊಡಿಸಿದ್ದಾರೆ. ಆ ದಿನಗಳನ್ನು ಯಾವ ತಿಂಗಳಿಂದ ಕಿತ್ತುಕೊಳ್ಳಬೇಕೆಂಬ ವ್ಯಾಜ್ಯ ಇನ್ನೂ ನಡೆದಿದೆ. ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಲಗ್ನಪತ್ರಿಕೆಗಳನ್ನು ಓದಿ ಕಲಿತವಳು. ನಡುವೆ ಎಲ್ಲಾದರೂ 'ಸಕುಟುಂಬ ಸಪರಿವಾರ ಸಮೇತ' ಎಂದು ಬಂದುಬಿಟ್ಟರೆ ಊಟಕ್ಕೆ ಕರೆದೆನೆಂದು ತಿಳಿಯಬೇಡಿ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ; ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಬಹಳ ಜನ ತಮ್ಮ ತಾತನಿಗೆ ಬರೆದು 'ಬೇರೆ ಹುಡುಗಿಯನ್ನು ಮದುವೆಯಾಗು' ಎಂದು ಬುದ್ಧಿ ಹೇಳುತ್ತಾರೆ. ಆಮೇಲೆ ಅವರ ಸುದ್ದಿಯೇ ಇರುವುದಿಲ್ಲ. ನಾನು ಅಂಥ ಉಸಾಬರಿಗೆ ಹೋಗದೆ, ಹೋದ ತಿಂಗಳು ನಾವು ಮಾಡಿದ ಸಮುದ್ರತೀರದ ರಜೆಯ ವಿಷಯ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಾಲದ ಗದ್ದಲದ ಬಗ್ಗೆ ಹೇಳಬೇಕು. ನಿಮ್ಮಲ್ಲಿ ಮನುಷ್ಯರೂ ಫೋನುಗಳೂ ಮಾತ್ರ ಮಾತಾಡುತ್ತವೆಂದು ಓದಿದ್ದೇನೆ. ನಮ್ಮಲ್ಲಿ ಎಲ್ಲವೂ ಮಾತಾಡುತ್ತವೆ. ಇವಕ್ಕೆ ನುಡಿಸಾಮಾನು ಎನ್ನುತ್ತೇವೆ. ಎಡಗಾಲು ಎಳೆದು ನಡೆಯುತ್ತೀರೆಂದು ಚಪ್ಪಲಿ ಎಚ್ಚರಿಸುತ್ತದೆ. ಸಾಸಿವೆ ಸಾಕೆಂದು ಸೌಟು ತಡೆಯುತ್ತದೆ. ನಮ್ಮ ಕಸಬರಿಗೆಗೆ ಸೊಂಟನೋವಂತೆ. ಯಾವ ಸೊಂಟವೋ ನನಗೆ ಗೊತ್ತಿಲ್ಲ. ಅದಕ್ಕೇ ಸುಮ್ಮನಿರುವ ಊರುಗಳಿಗೆ ನಮ್ಮ ಕಾಲದಲ್ಲಿ ಬಹಳ ಬೇಡಿಕೆ.

ನಮ್ಮ ಮನೆಯಲ್ಲಿ ನಾವಿಬ್ಬರೇ. ಮಹಡಿಯಲ್ಲಿ ನನ್ನ ಭಾವನ ಹೆಂಡತಿ ಸಂಗವ್ವ, ಕೆಳಗೆ ನಾನು. ಇಬ್ಬರ ಗಂಡಂದಿರೂ ತೀರಿಕೊಂಡಿದ್ದಾರೆ. ಹನ್ನೊಂದು ವರ್ಷಗಳಿಂದ ನಮ್ಮ ನಡುವೆ ಮಾತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮೆಟ್ಟಿಲ ನಡುವೆ ಇಟ್ಟ ಚಹಾದ ಕೆಟಲ್ ಮೂಲಕವೇ ಹೇಳುತ್ತಿದ್ದೆವು. "ಕೆಟಲ್, ಕೆಳಗಿನವರಿಗೆ ಹೇಳು, ನಳಾ ಬಂದಾವು" ಎಂದು ಅವರು ಮೇಲಿನಿಂದ ಕೂಗಿದರೆ, ಅದು ನನಗೆ ತಲುಪಿಸಿ, ಕೊನೆಗೆ "ಎಂದು ಪ್ರೀತಿಯಿಂದ ತಿಳಿಸಿದ್ದಾರೆ" ಎಂದು ತನ್ನದೊಂದು ಮಾತು ಸೇರಿಸುತ್ತಿತ್ತು. ಆ ಪ್ರೀತಿ ಕೆಟಲಿನದೇ ಹೊರತು ಅವರದಲ್ಲವೆಂದು ನಾನು ಬಲ್ಲೆ.

ನಮ್ಮ ಕಾಲದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮನೆಗೊಂದು ರಜೆ. ಮನೆಯ ನಂಬರು ಒಂದೇ ಆದ್ದರಿಂದ ಇಬ್ಬರೂ ಒಂದೇ ಊರಿಗೆ ಹೋಗಬೇಕಾಯಿತು. ಬ್ಯಾಂಡು, ಕುಣಿಯುವ ಕಾರಂಜಿ, ಜೋಕು ಹೇಳುವ ಕೊಡೆಗಳಿರುವ ದೊಡ್ಡ ಬೀಚು ಅವರಿಗೆ ಬೇಕು. ಮೆಕ್ಸಿಕೋದ ಪಡುವಣ ಕರಾವಳಿಯ ಲಾ ಕಾಯಾದಾ ಎಂಬ ಸಣ್ಣ ಊರು ನನಗೆ ಬೇಕು. ಹೆಸರಿನ ಅರ್ಥವೇ 'ಸುಮ್ಮನಿರುವವಳು'. ನಾಲ್ಕು ದಿನ ಮೇಲಕ್ಕೂ ಕೆಳಕ್ಕೂ ಮಾತು ಸಾಗಿಸಿ ಕೆಟಲ್ ಸುಸ್ತಾಯಿತು. ಕೊನೆಗೆ ಸಂಗವ್ವ, "ಎಲ್ಲಿ ಹೋದ್ರೂ ಅವರು ನನ್ನ ಜೋಡಿ ಮಾತಾಡಂಗಿಲ್ಲ. ಅಂದಮ್ಯಾಲ ಯಾವ ಊರಾದ್ರ ಏನು" ಎಂದು ಒಪ್ಪಿದರು.

ಗದಗಿನಿಂದ ಮೆಕ್ಸಿಕೋಕ್ಕೆ ನೆಲದೊಳಗಿನ ಕೊಳವೆಯಲ್ಲಿ ಐದು ತಾಸು. ನಡುವೆ ಒಮ್ಮೆ ಚಹಾಕ್ಕೆ ನಿಲ್ಲಿಸುತ್ತಾರೆ. ಊರ ಬಾಗಿಲಲ್ಲಿ ಒಂದು ದೊಡ್ಡ ಬುಟ್ಟಿ ಇಟ್ಟಿದ್ದರು. ಮಾತಾಡುವುದೆಲ್ಲ ಅದರೊಳಗೆ ಹೋಗಬೇಕು. ಚಪ್ಪಲಿ ಹೋಯಿತು, ಕಿವಿಯೊಳಗಿನ ದುಭಾಷಿ ಹೋಯಿತು, ಜೊತೆಗೆ ತಂದಿದ್ದ ಕೆಟಲೂ ಹೋಯಿತು. ಮುಚ್ಚಳ ಹಾಕುವವರೆಗೂ ಅದು "ನಾನಿಲ್ಲದೆ ಹೇಗಿರುತ್ತೀರಿ?" ಎಂದು ಗೋಳಾಡಿತು. ಅಲ್ಲಿಯವರೆಗೆ ಆ ಪ್ರಶ್ನೆ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಊರಿಗೆ ಒಂದೇ ಬೀದಿ. ಮರಳಿನ ಮೇಲೆ ಇಪ್ಪತ್ತು ದೋಣಿಗಳು, ಅವುಗಳ ನೆರಳಿನಲ್ಲಿ ನಾಯಿಗಳು, ದೋಣಿಯ ಅಂಚಿನಲ್ಲಿ ಕೊಕ್ಕಿಗೆ ಚೀಲ ಜೋತುಬಿದ್ದ ಹೆಜ್ಜಾರ್ಲೆ ಹಕ್ಕಿಗಳು. ನಾವು ಉಳಿದದ್ದು ಎಉಲಾಲಿಯಾ ಎಂಬ ಮುದುಕಿಯ ಮನೆಯಲ್ಲಿ. ಆಕೆಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ಇದ್ದದ್ದು ಒಂದೇ ಕೋಣೆ, ಎದುರುಬದುರು ಎರಡು ಬಲೆಯ ಜೋಲಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಸಂಗವ್ವನ ಮುಖ. ಅವರಿಗೆ ನನ್ನದು.

ಎರಡನೆಯ ದಿನ ಸಂಗವ್ವ ತಾಳಲಾರದೆ ಕಿಟಕಿಯ ಮೇಲಿದ್ದ ಹೆಜ್ಜಾರ್ಲೆಗೇ ಹೇಳಿದರು: "ಏ ಹಕ್ಕಿ, ಅವರಿಗೆ ಹೇಳು, ಸೋಪು ಎಲ್ಲಿಟ್ಟಾರ ಅಂತ." ಹಕ್ಕಿ ಅವರನ್ನು ನೋಡಿತು, ನನ್ನನ್ನು ನೋಡಿತು, ಬಾಯಿ ಅಗಲಿಸಿತು, ಏನೂ ಹೇಳದೆ ಮುಚ್ಚಿತು. ನಾನೂ ಹಕ್ಕಿಯನ್ನು ನೋಡಿಯೇ "ಬಚ್ಚಲದಾಗ ಐತಿ ಅಂತ ಹೇಳಪ್ಪ" ಎಂದೆ. ಹೀಗೆ ಒಂದೂವರೆ ದಿನ ಸಾಗಿತು. ಹಕ್ಕಿ ಹಾರಿಹೋದಾಗ ಸಂಸಾರ ನಿಂತುಬಿಡುತ್ತಿತ್ತು.

ಮೂರನೆಯ ದಿನ ಅಡಿಗೆಯ ಪೇಚಾಟ. ಎಉಲಾಲಿಯಾ ಪ್ರೀತಿಯಿಂದ ಮೀನು ಬಡಿಸುತ್ತಿದ್ದಳು, ನಾವು ಮುಟ್ಟುವವರಲ್ಲ. ಕೊನೆಗೆ ಅವಳು ಬೇಯಿಸಿದ ಕಾಳನ್ನೂ ಮೆಕ್ಕೆಜೋಳದ ಹಿಟ್ಟನ್ನೂ ಮುಂದಿಟ್ಟು, 'ನೀವೇ ಮಾಡಿಕೊಳ್ಳಿ' ಎಂಬಂತೆ ಕೈ ತೋರಿಸಿದಳು. ನಾನು ರೊಟ್ಟಿ ಬಡಿಯಲು ಕುಳಿತೆ. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಸಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಕೈಗಳು ಗಾಳಿಯಲ್ಲೇ ಬಡಿಯುತ್ತಿದ್ದವು. ಮೂರನೆಯದೂ ಹರಿದಾಗ ಅವರು ಕಿರುಚಿಬಿಟ್ಟರು.

"ನೀರು ಕಡಿಮಿ ಆತು!"

ನಾನು ತಲೆಯೆತ್ತಿದೆ. "ಯಾರಿಗೆ ಹೇಳಿದ್ರಿ?"

"ನಿನಗ! ಇನ್ಯಾರಿಗೆ? ರೊಟ್ಟಿ ಬಡಿಯಾಕ ಆ ಹಕ್ಕಿ ಕುಂತೈತೇನು?"

ಅವರು ಪಕ್ಕಕ್ಕೆ ಕುಳಿತು ಹಿಟ್ಟು ಸೆಳೆದುಕೊಂಡರು. ಮೆಕ್ಕೆಜೋಳ ಅವರಿಗೂ ಬಗ್ಗಲಿಲ್ಲ, ಅವರದೂ ಹರಿಯಿತು. "ನೀರು ಹೆಚ್ಚಾತು" ಎಂದೆ. ಎಉಲಾಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಸಂಜೆ ಹರಕು ರೊಟ್ಟಿ ಕಟ್ಟಿಕೊಂಡು ದಂಡೆಗೆ ಹೋದೆವು. ಹನ್ನೊಂದು ವರ್ಷ ಕೆಟಲಿಗೆ ಒಪ್ಪಿಸಲಾಗದ ಪ್ರಶ್ನೆಯನ್ನು ನಾನು ಕೇಳಿದೆ.

"ನಮ್ಮನಿಯವರು ಕಡೀಕ ಆಸ್ಪತ್ರ್ಯಾಗ ಇದ್ದಾಗ ನೀವ್ಯಾಕ ಬರಲಿಲ್ರಿ, ಅಕ್ಕಾರ?"

"ಬಂದಿದ್ದೆ" ಎಂದರು ಸಂಗವ್ವ. "ಬುತ್ತಿ ಹಿಡಕೊಂಡು ಮೂರು ತಾಸು ಬಾಗಲ ಮುಂದ ನಿಂತಿದ್ದೆ. 'ಯಾರನ್ನೂ ಒಳಗ ಬಿಡಬ್ಯಾಡ ಅಂತ ದಾನಮ್ಮ ಹೇಳ್ಯಾರ' ಅಂತು ಬಾಗಲಾ. ನಾ ಯಾರೋ ಆಗಿಬಿಟ್ನೆಲ್ಲಾ ಅಂತ ಹೊಳ್ಳಿ ಹೋದೆ."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಹಾಗೆ ಹೇಳಿದವಳು ನಾನೇ. ಬೆಳಗಿನಿಂದ ಮಂದಿ ಬಂದು ಒಬ್ಬೊಬ್ಬರು ಒಂದೊಂದು ಔಷಧಿ ಹೇಳಿ ತಲೆ ತಿಂದಿದ್ದರು. ಬೇಸತ್ತು ಬಾಗಿಲಿಗೆ ಒಂದು ಮಾತು ಹೇಳಿ ಒಳಗೆ ಕುಳಿತುಬಿಟ್ಟಿದ್ದೆ. 'ಯಾರನ್ನೂ' ಎಂದಾಗ ಮನೆಯವರನ್ನು ಬಿಟ್ಟು ಎಂದು ಬಾಗಿಲಿಗೆ ಹೇಗೆ ಗೊತ್ತಾಗಬೇಕು?

"ಹೊರಗಿಂದ ಒಂದು ಸರ್ತಿ ಒದರಬಾರದಿತ್ತೇನ್ರಿ?"

"ನೀ ಒಂದು ಸರ್ತಿ ಎದ್ದು ನೋಡಬಾರದಿತ್ತೇನು?"

ರೊಟ್ಟಿಯ ಗಂಟು ಬದಿಗಿಟ್ಟು ನಾನು ಹೇಳಿದೆ: "ಅವರು ಎರಡು ಸಲ ಕೇಳಿದ್ರು. 'ಅತ್ತಿಗಿ ಬಂದಳೇನು' ಅಂತ. ಇಲ್ಲ ಅಂದೆ."

ಸಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಅಷ್ಟರಲ್ಲಿ ಹೆಜ್ಜಾರ್ಲೆ ಬಂದು ಗಂಟು ಸಮೇತ ರೊಟ್ಟಿ ನುಂಗಿತು. ಅಳುತ್ತಲೇ ಇಬ್ಬರೂ ಅದನ್ನು ಅಟ್ಟಿಸಿಕೊಂಡು ಓಡಿದೆವು.

ಆಮೇಲೆ ಮಾತು ನಿಲ್ಲಲೇ ಇಲ್ಲ. ಹನ್ನೊಂದು ವರ್ಷದ ಮದುವೆಗಳು, ಬೀಗರ ಜಗಳಗಳು, ಯಾರ ಸೊಸೆ ಯಾರನ್ನು ಬೈದಳು, ಎಲ್ಲ ಬಾಕಿ ಇತ್ತು. ಏಳನೆಯ ದಿನ ಊರಿನ ಹಿರಿಯನೊಬ್ಬ ಟೋಪಿ ತೆಗೆದು, ತುಟಿಗೆ ಬೆರಳಿಟ್ಟು, ಬಹಳ ಮರ್ಯಾದೆಯಿಂದ ನಮ್ಮನ್ನು ದಂಡೆಯ ತುದಿಯಲ್ಲಿದ್ದ ದೋಣಿಯ ಗುಡಿಸಲಿಗೆ ಸ್ಥಳಾಂತರಿಸಿದ. ಮರಳುವಾಗ ದುಭಾಷಿ ಕಿವಿಗೆ ಬಂದ ಮೇಲೆ ತಿಳಿಯಿತು, ನೂರು ವರ್ಷಗಳಲ್ಲಿ ಲಾ ಕಾಯಾದಾದಿಂದ ಗದ್ದಲಕ್ಕಾಗಿ ಹೊರಹಾಕಿದ್ದು ನಮ್ಮನ್ನೇ ಮೊದಲಂತೆ. ಎಉಲಾಲಿಯಾ ಮಾತ್ರ ದಿನವೂ ಅಲ್ಲಿಗೆ ಬಂದು, ಒಂದಕ್ಷರ ಅರ್ಥವಾಗದಿದ್ದರೂ ಕೆನ್ನೆಗೆ ಕೈಯಿಟ್ಟು ಕೇಳುತ್ತಾ ಕುಳಿತಿರುತ್ತಿದ್ದಳು.

ರಜೆಗೆ ಯಾವ ಊರೆಂದು ನೀವೂ ಈಗ ಯೋಚಿಸುತ್ತಿರಬಹುದು. ಏನೂ ಇಲ್ಲದ ಊರಿಗೆ ಹೋಗಿ. ಮಾತು ಬಿಟ್ಟವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಇನ್ನೊಂದು ಬಿನ್ನಹ. ನಿಮ್ಮ ಬಾಗಿಲುಗಳಿಗೆ ಇನ್ನೂ ಬಾಯಿ ಬಂದಿಲ್ಲ. ಯಾರಾದರೂ ತಟ್ಟಿದರೆ ನೀವೇ ಏಳಬೇಕು. ಮೊಣಕಾಲು ನೋಯುತ್ತದೆ, ಬಲ್ಲೆ. ಆದರೂ ಏಳಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಮೇಲಿನಿಂದ ಸಂಗವ್ವ ಏನೋ ಒದರುತ್ತಿದ್ದಾರೆ. ಏನೆಂದು ಇಲ್ಲಿಗೆ ಸರಿಯಾಗಿ ಕೇಳಿಸುತ್ತಿಲ್ಲ. ಹತ್ತಿ ಹೋಗಿ ಕೇಳಿಬರುತ್ತೇನೆ.

ದಾನಮ್ಮ