ಮಂಡಳಿಯ ನಾಲ್ಕನೇ ಸೀಟು

ಭಾಂಡುಪ್ (ಪಶ್ಚಿಮ), ಮುಂಬಯಿ
ವಿಜಯದಶಮಿ, ಗುರುವಾರ, ೨ ಅಕ್ಟೋಬರ್ ೨೦೨೫

ಪ್ರೀತಿಯ ಮಹಾದೇವಿಗೆ,

ಮೊದಲು ಎದ್ದು ನಿಂತುಕೋ. ಕೂಸು ತೊಡೆಯ ಮೇಲಿದ್ದರೆ ಮಗಳು ಶಿವಕುಮಾರಿಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಓದು. ವಿಜಯಪುರದಲ್ಲಿರುವ ಸಮಸ್ತ ಬಂಧುಬಳಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಖಂಡೇನವಮಿಯ ಶುಭದಿನ, ಬೆಳಿಗ್ಗೆ ಎಂಟು ಗಂಟೆ ಏಳು ನಿಮಿಷದ ಲೋಕಲ್ ರೈಲಿನಲ್ಲಿ ನಿನ್ನ ಗಂಡನಾದ ನಾನು ಕುಳಿತುಕೊಂಡೆನು. ಪೂರ್ತಿ ಕುಳಿತೆನೆಂದರೆ ಸುಳ್ಳಾದೀತು. ಮೂರು ಜನರಿಗೆಂದು ಮಾಡಿದ ಬೆಂಚಿನ ತುದಿಗೆ ನಾಲ್ಕನೆಯವನಾಗಿ, ಒಂದು ಕಡೆಯ ಅರ್ಧ ಒಳಗೆ, ಮಿಕ್ಕ ದೇಹವೆಲ್ಲ ದಾರಿಯಲ್ಲಿ. ಆದರೂ ಈ ಊರಿನ ಶಾಸ್ತ್ರದ ಪ್ರಕಾರ ಅದಕ್ಕೆ ಕೂರುವುದೆಂದೇ ಹೆಸರು.

ಈಗ ನೀನೂ ಕುಳಿತುಕೋ. ಮೊಣಕಾಲು ನೋವು ಹೇಗಿದೆ? ಶಿವಕುಮಾರಿ ಹೊಟ್ಟೆ ತುಂಬ ಉಣ್ಣುತ್ತಾಳೆ ತಾನೆ? ಕೂಸಿಗೆ ನನ್ನ ಮೂಗು ಬಂದಿದೆಯೆಂದು ನೀನು ಫೋನಿನಲ್ಲಿ ಹೇಳಿದ ದನಿ ಸಾವಿನ ಸುದ್ದಿ ಹೇಳಿದಂತಿತ್ತು. ಮುಂದೆ ಮೀಸೆ ಬಿಟ್ಟರೆ ಸರಿಹೋಗುತ್ತದೆಂದು ಅವನಿಗೆ ತಿಳಿಸು. ನಾನು ಕ್ಷೇಮ. ನೀನು ಬಿಟ್ಟುಹೋದ ಜೋಳದ ಹಿಟ್ಟು ಹಾಗೆಯೇ ಇದೆ, ಏಕೆಂದರೆ ರೊಟ್ಟಿ ಬಡಿಯಲು ಹೋದರೆ ಭಾರತದ ನಕಾಶೆಯಾಗುತ್ತದೆ, ಅದೂ ಸುಟ್ಟದ್ದು. ಇಷ್ಟೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಮೂರು ಪ್ರಶ್ನೆ ಕೇಳುತ್ತೀ, ನಾಲ್ಕನೆಯದನ್ನು ಕೂಸು ಕೇಳುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಈ ಉಪಾಯ ಹೊಳೆಯಿತು.

ಒಂದು ತಪ್ಪೊಪ್ಪಿಗೆ. ‘ಟ್ರೇನ್ ಬರಾಬರ್ ಸಿಗತೈತೇನ್ರಿ?’ ಎಂದು ನೀನು ಕೇಳಿದಾಗಲೆಲ್ಲ ‘ಆರಾಮ ಸಿಗತೈತಿ’ ಎಂದೆನಲ್ಲ, ಅದು ಶುದ್ಧ ಸುಳ್ಳು. ಇಪ್ಪತ್ತಾರು ವರ್ಷ ಚಪ್ಪಲಿ ಮೆಟ್ಟಿ ನಡೆದುಕೊಂಡೇ ಫ್ಯಾಕ್ಟರಿಗೆ ಹೋಗಿಬಂದವನು ನಾನು. ಅದು ಮುಚ್ಚಿ, ಐವತ್ತನಾಲ್ಕನೇ ವಯಸ್ಸಿನಲ್ಲಿ ಅಂಧೇರಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆದೆ. ಸಿನಿಮಾ ಶೂಟಿಂಗಿಗೆ ಬಾಡಿಗೆ ಸಾಮಾನು ಕೊಡುವ ಜಾಗ. ಹದಿನಾರು ಸಿಂಹಾಸನ ನನ್ನ ಸುಪರ್ದಿಯಲ್ಲಿವೆ. ಆದರೆ ಅಲ್ಲಿಗೆ ಮುಟ್ಟಲು ಭಾಂಡುಪ್‌ನಿಂದ ಘಾಟ್ಕೋಪರ್‌ವರೆಗೆ ಲೋಕಲ್, ಆಮೇಲೆ ಮೆಟ್ರೋ. ಮೆಟ್ರೋ ಸಭ್ಯ. ಲೋಕಲ್‌ನ ಮೂರು ಸ್ಟೇಷನ್ನಿನ ದಾರಿಯಲ್ಲಿ ನನ್ನ ಪ್ರಾಣ ಮೂರು ಸಲ ಹೋಗಿ ಬರುತ್ತಿತ್ತು. ಸತ್ಯ ಹೇಳುತ್ತೇನೆ, ಕೆಲಸ ಬಿಟ್ಟುಬಿಡಲು ನಿಶ್ಚಯಿಸಿದ್ದೆ. ಈ ವಯಸ್ಸಿಗೆ ಇನ್ನೊಂದು ಕೆಲಸ ಯಾರೂ ಕೊಡುವುದಿಲ್ಲವೆಂದು ಗೊತ್ತಿದ್ದೂ ನಿಶ್ಚಯಿಸಿದ್ದೆ.

ಇದಕ್ಕೆಲ್ಲ ಕಾರಣ ಒಂದು ಮಂಡಳಿ. ನಾನು ಹತ್ತುವ ರೈಲು ಡಬ್ಬಿಯಲ್ಲಿ ಠಾಣೆ ಊರಿನಿಂದಲೇ ತಾಳ ಹಾಕಿಕೊಂಡು ಅಭಂಗ ಹಾಡುತ್ತ ಬರುವ ಹದಿಮೂರು ಜನ. ಧನರಾಜ್ ಅವರ ಮುಖ್ಯಸ್ಥ, ಯಾವುದೋ ಆಫೀಸಿನಲ್ಲಿ ಕ್ಯಾಶಿಯರ್, ಡಬ್ಬಿಯೊಳಗೆ ಚಕ್ರವರ್ತಿ. ಮಂಡಳಿಯವನೇ ಆದ ಸುಭಾಷ ಮಾತ್ರ ನಮ್ಮ ಭಾಂಡುಪ್‌ನಲ್ಲಿ ಹತ್ತುತ್ತಾನೆ. ಆಗಸ್ಟ್ ನಾಲ್ಕು, ನನ್ನ ಮೊದಲ ದಿನ. ಹಿಂದಿನವರು ದೂಡಿದ ರಭಸಕ್ಕೆ ನಾನು ಸುಭಾಷನಿಗಿಂತ ಮುಂಚೆ ಒಳಗೆ ಬಿದ್ದೆ. ನೋಡಿದರೆ ಅಷ್ಟು ಗದ್ದಲದ ನಡುವೆ ಸೀಟಿನ ಮೇಲೆ ಒಂದು ಖಾಕಿ ಚೀಲ ಒಂಟಿಯಾಗಿ ಕುಳಿತಿದೆ. ವಾರಸುದಾರರಿಲ್ಲದ ವಸ್ತು ಕಂಡರೆ ಪೊಲೀಸರಿಗೆ ತಿಳಿಸಿ ಎಂದು ಸ್ಟೇಷನ್ನಿನಲ್ಲಿ ಆಗತಾನೆ ಕೂಗಿದ್ದರು. ಯಾರದು ಯಾರದು ಎಂದು ಮೂರು ಸಲ ಕೇಳಿದೆ, ಭಜನೆಯ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಮುಟ್ಟಬೇಡಿ ಎಂದೂ ಅದೇ ಕೂಗಿನಲ್ಲಿತ್ತು, ಅಷ್ಟನ್ನು ಮಾತ್ರ ಮರೆತೆ. ಎದೆಗವಚಿಕೊಂಡು ಘಾಟ್ಕೋಪರ್‌ನಲ್ಲಿ ಇಳಿದು ಪೊಲೀಸ್ ಚೌಕಿಗೆ ಒಪ್ಪಿಸಿದೆ.

ಅಲ್ಲಿದ್ದವರು ಇಂದ್ರಾಬಾಯಿ ಎಂಬ ಹವಾಲ್ದಾರ್, ಅಕ್ಕಲಕೋಟೆಯ ಹೆಣ್ಣುಮಗಳು. ಮುಟ್ಟಿದ್ದಕ್ಕೆ ಮೊದಲು ಬೈದರು. ಆಮೇಲೆ ಚೀಲ ಬಿಚ್ಚಿ, ಒಂದೊಂದೇ ಸಾಮಾನು ತೆಗೆದು ನನ್ನ ಕೈಯಲ್ಲೇ ಪಟ್ಟಿ ಬರೆಸಿದರು. ಬರೆದು ಮುಗಿದ ಮೇಲೆ ನನ್ನ ಉಚ್ಚಾರ ಹಿಡಿದು ಕನ್ನಡದಲ್ಲೇ ಹೇಳಿದರು: ‘ಯಜಮಾನ್ರ, ಈ ಚೀಲ ಕಳದಿಲ್ಲರಿ. ಸೀಟ್ ಹಿಡದಿತ್ತು.’

ಠಾಣೆ ಊರಿನಲ್ಲಿ ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಹತ್ತುವವನಿಗಾಗಿ ಚೀಲ ಇಟ್ಟು ಜಾಗ ಕಾಯುವುದು ಇಲ್ಲಿನ ಪದ್ಧತಿಯಂತೆ. ಸಂಜೆ ಧನರಾಜ್ ಚೀಲ ಬಿಡಿಸಿಕೊಂಡು ಹೋದ. ಮರುದಿನದಿಂದ ನನ್ನ ಹೆಸರು ಥೈಲೀವಾಲೇ ಕಾಕಾ, ಅಂದರೆ ಚೀಲದ ಕಾಕಾ. ಎಂಟು ವಾರ ಆ ಹದಿಮೂರು ಜನ ನನಗೆ ಅಂಗುಲ ಜಾಗ ಬಿಡಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ. ನಾನು ಹತ್ತಿದೊಡನೆ ಎಲ್ಲರೂ ತಂತಮ್ಮ ಚೀಲ ಮಾತ್ರ ತೊಡೆಗೆಳೆದುಕೊಳ್ಳುತ್ತಿದ್ದರು. ಬೇರೆ ಡಬ್ಬಿಗೆ ಹೋಗಬಹುದಿತ್ತಲ್ಲ ಎನ್ನಬೇಡ, ಎರಡು ದಿನ ಹೋಗಿದ್ದೆ. ಅಲ್ಲಿ ಇಸ್ಪೀಟಿನ ಮಂಡಳಿ.

ಒಂಟಿಕಾಲಿನಲ್ಲಿ ನಿಂತವರಿಗೆ ಹಿಂದಿನ ಕಾಲದಲ್ಲಿ ದೇವರು ಪ್ರತ್ಯಕ್ಷನಾಗುತ್ತಿದ್ದನಂತೆ, ನನಗೆ ಶಬ್ದಾರ್ಥ ಪ್ರತ್ಯಕ್ಷವಾಯಿತು. ಈ ಮಂಡಳಿ ಎಂಬ ಮಾತಿನ ಸಂಸಾರ ನೋಡು. ಮೂಲದಲ್ಲಿ ಬರೀ ಮಂಡಲ, ಅಂದರೆ ದುಂಡಗಿನದು, ಚಂದ್ರನ ಸುತ್ತ ಕಟ್ಟುವ ಬಳೆಯಂಥದು. ಪಾಪದ ಮಾತು, ಯಾರ ತಂಟೆಗೂ ಹೋಗುವಂಥದಲ್ಲ. ಆಮೇಲೆ ರಾಜರ ಕೈಗೆ ಸಿಕ್ಕಿ ನಾಡಿನ ತುಂಡಾಯಿತು. ತುಂಡು ಆಳುವವನು ಮಂಡಲೇಶ್ವರ, ಅವನಿಗಿಂತ ತುಸು ಹೆಚ್ಚು ಮೀಸೆಯಿದ್ದವನು ಮಹಾಮಂಡಲೇಶ್ವರ, ಕಲ್ಲಿನ ಮೇಲೆಲ್ಲ ಅವರದೇ ಹೆಸರು. ವೈದ್ಯರು ನಲವತ್ತೆಂಟು ದಿನದ ಪಥ್ಯಕ್ಕೆ ಒಂದು ಮಂಡಲ ಎಂದರು. ಮೈಮೇಲೆ ಬಳೆ ಬಳೆ ಗುರುತಿನ ವಿಷದ ಹಾವಿಗೆ ಜನ ಕೊಳಕುಮಂಡಲ ಎಂದರು. ಕೊನೆಗೆ ಮನುಷ್ಯರೇ ದುಂಡಗೆ ಕುಳಿತು ಭಜನಾ ಮಂಡಳಿ, ನಾಟಕ ಮಂಡಳಿ ಎಂದುಕೊಂಡರು. ನಮ್ಮ ಫ್ಯಾಕ್ಟರಿ ಮುಚ್ಚಿದ್ದು ಆಡಳಿತ ಮಂಡಳಿ. ಅದು ಹಾವಿನ ಶಾಖೆಗೆ ಸೇರಿದ್ದು. ಹೊರಗೆ ನಿಂತವನಿಗೆ ಎಲ್ಲ ಮಂಡಳಿಯೂ ಒಂದೇ ಥರ ಕಾಣುತ್ತದೆ: ಬರೀ ಬೆನ್ನುಗಳು. ಎಂಟನೇ ವಾರದ ಹೊತ್ತಿಗೆ ಯಾರ ಅಂಗಿಯ ಕಾಲರ್ ಹರಿದಿದೆ, ಯಾರು ತಲೆಗೆ ಬಣ್ಣ ಹಚ್ಚುತ್ತಾರೆ ಎಲ್ಲ ನನಗೆ ಬಾಯಿಪಾಠವಾಗಿತ್ತು.

ಈಗ ಮುಖ್ಯ ಸಂಗತಿ. ಮೊನ್ನೆ ಮಂಗಳವಾರ ಹತ್ತಿದರೆ ಡಬ್ಬಿಯಲ್ಲಿ ಹಾಡೇ ಇಲ್ಲ. ಸೋಮವಾರದ ಅವಸರದಲ್ಲಿ ಅವರು ಕೊನೇ ಸ್ಟೇಷನ್ನಿನಲ್ಲಿ ಇಳಿಯುವಾಗ ಆ ಖಾಕಿ ಚೀಲವನ್ನು ಮೇಲಿನ ಹಲಗೆಯಲ್ಲೇ ಮರೆತಿದ್ದರು. ಈ ಸಲ ನಿಜವಾಗಿ ಕಳೆದಿತ್ತು. ಅದರಲ್ಲಿ ತಾಳಗಳು, ದೇವಿಯ ಪಟ. ಬುಧವಾರ ಡಬ್ಬಿಗೆ ಚೆಂಡುಹೂವು ಕಟ್ಟಿ ಪೂಜೆ ಮಾಡಬೇಕು, ಪಟ ಹತ್ತೊಂಬತ್ತು ವರ್ಷ ಹಳೆಯದು, ಮಂಡಳಿ ಶುರುಮಾಡಿ ತೀರಿಹೋದವರ ಕೈಯದು. ಹೇಗೆ ಹುಡುಕುವುದು, ಯಾರನ್ನು ಕೇಳುವುದು ಎಂದು ಹದಿಮೂರು ಜನ ಹದಿನಾಲ್ಕು ಥರ ಹೇಳುತ್ತಿದ್ದರು. ಆಗ ಧನರಾಜ್‌ನ ಕಣ್ಣು ನಿಧಾನವಾಗಿ ಬಾಗಿಲ ಬಳಿ ನೇತಾಡುತ್ತಿದ್ದ ನನ್ನತ್ತ ತಿರುಗಿತು. ಇಡೀ ಡಬ್ಬಿಯಲ್ಲಿ ಕಳೆದ ಚೀಲದ ವಿದ್ಯೆ ಬಲ್ಲವನು ನಾನೊಬ್ಬನೇ.

‘ಕಾಕಾ, ಆಪ್ ಹೀ ಬತಾಯಿಯೇ’ ಎಂದ, ನೀವೇ ದಾರಿ ಹೇಳಿ ಎಂದು.

ನಿನ್ನಾಣೆ, ವಿಕ್ರೋಳಿ ಬರುವವರೆಗೆ ಗಂಭೀರವಾಗಿ ಆಲೋಚಿಸುವಂತೆ ನಟಿಸಿದೆ. ಎಂಟು ವಾರಕ್ಕೆ ಒಂದು ಸ್ಟೇಷನ್ನು, ಹೆಚ್ಚೇನಲ್ಲ. ಆಮೇಲೆ ಅವನನ್ನು ಘಾಟ್ಕೋಪರ್‌ನಲ್ಲಿ ಇಳಿಸಿಕೊಂಡು ಇಂದ್ರಾಬಾಯಿಯ ಹತ್ತಿರ ಕರೆದೊಯ್ದೆ. ಅವರು ಅತ್ತ ಇತ್ತ ಫೋನ್ ಮಾಡಿದರು. ಅಂಥದೊಂದು ಚೀಲ ಕೊನೇ ಸ್ಟೇಷನ್ನಿನ ಆಫೀಸಿನಲ್ಲಿ ಬಂದು ಬಿದ್ದಿದೆ, ಆದರೆ ಒಳಗೆ ಏನೇನಿದೆಯೆಂದು ಸರಿಯಾಗಿ ಹೇಳಿದರೆ ಮಾತ್ರ ಕೊಡುತ್ತಾರೆ ಎಂದರು. ಸಂಜೆ ಇಬ್ಬರೂ ಅಲ್ಲಿಗೆ ಹೋದೆವು. ದಾರಿಯಲ್ಲಿ ಧನರಾಜ್ ತುಮ್ಚೀ ಮಂಡಳೀ ಎಲ್ಲಿ ಎಂದು ಕೇಳಿದ. ಮರಾಠಿಯ ಹಿರಿಯರು ಹೆಂಡತಿಯ ಹೆಸರು ಹೇಳಲು ನಾಚಿ ಹಾಗೆನ್ನುತ್ತಿದ್ದರಂತೆ. ನನ್ನ ಮಂಡಳಿ ಬಾಣಂತನಕ್ಕೆ ಊರಿಗೆ ಹೋಗಿದೆ, ಅದರಲ್ಲಿ ಇರುವುದೇ ಒಬ್ಬಳು, ಬೇರೆಯವರನ್ನು ಸೇರಿಸಿಕೊಳ್ಳುವುದಿಲ್ಲ ಎಂದೆ. ಮೊದಲ ಸಲ ನಕ್ಕ.

ಆಫೀಸಿನಲ್ಲಿ ಕೇಳಿದರೆ ಚಕ್ರವರ್ತಿಗೆ ತಾಳ, ಪಟ ಬಿಟ್ಟು ಮುಂದೆ ಏನೂ ನೆನಪಾಗಲಿಲ್ಲ. ನಾನು ಮುಂದೆ ಬಂದು ಒಪ್ಪಿಸಿದೆ: ತಾಳ ಎರಡು ಜೊತೆ, ಒಂದಕ್ಕೆ ಕೆಂಪು ದಾರ, ಪಟದ ಬಲಮೂಲೆ ಸೀಳು, ಕರ್ಪೂರದ ಡಬ್ಬಿ, ಅದರ ಮುಚ್ಚಳ ಉಪ್ಪಿನಕಾಯಿ ಬಾಟಲಿಯದು, ಹಲ್ಲು ಮುರಿದ ಬಾಚಣಿಗೆ ಒಂದು. ಆಗಸ್ಟಿನಲ್ಲಿ ನಾನೇ ಬರೆದ ಪಟ್ಟಿಯಲ್ಲವೇ. ಬಾಚಣಿಗೆ ಯಾರದೆಂದು ಧನರಾಜ್‌ನಿಗೂ ಅವತ್ತೇ ಗೊತ್ತಾದದ್ದು. ಗುಮಾಸ್ತ ನನ್ನನ್ನೇ ಮಂಡಳಿಯ ಅಧ್ಯಕ್ಷನೆಂದು ತಿಳಿದು ನನ್ನ ಸಹಿ ತೆಗೆದುಕೊಂಡ.

ಬುಧವಾರ ಚೆಂಡುಹೂವಿನ ಡಬ್ಬಿಯೊಳಗೆ ಕಾಲಿಟ್ಟೆ. ಯಾರೂ ಭಾಷಣ ಮಾಡಲಿಲ್ಲ. ಧನರಾಜ್ ಹಾಡುತ್ತಲೇ ಇದ್ದ, ಮೂವರು ಹಾಡುತ್ತಲೇ ಸ್ವಲ್ಪ ಸ್ವಲ್ಪ ಸರಿದರು, ಬೆಂಚಿನ ತುದಿಯಲ್ಲಿ ನಾಲ್ಕು ಬೆರಳು ಜಾಗ ಹುಟ್ಟಿತು. ಕುಳಿತೆ. ಕೂತಮೇಲೆ ಒಂದು ವಿಚಿತ್ರ ಗಮನಿಸಿದೆ: ಒಳಗಿನವರಿಗೆ ಮಂಡಳಿಯೇ ಕಾಣುವುದಿಲ್ಲ, ಎದುರಿನವರ ಮೊಣಕಾಲಷ್ಟೇ ಕಾಣುತ್ತದೆ. ಘಾಟ್ಕೋಪರ್ ಇಷ್ಟು ಬೇಗ ಬಂದದ್ದಕ್ಕೆ ಮೊದಲ ಸಲ ಬೇಜಾರಾಯಿತು. ಇಳಿಯುವಾಗ ಸುಭಾಷ ಕೂಗಿ ಹೇಳಿದ: ಶುಕ್ರವಾರದಿಂದ ಆ ಚೀಲ ಇಬ್ಬರಿಗೆ ಸೀಟು ಹಿಡಿಯುತ್ತದಂತೆ, ನನಗೂ ಸೇರಿಸಿ. ಕಾಕಾ ಮಾತ್ರ ದಯವಿಟ್ಟು ಅದನ್ನು ಪೊಲೀಸರಿಗೆ ಕೊಡಬಾರದಂತೆ.

ಶಿವಕುಮಾರಿಗೂ ಅಳಿಯಂದಿರಿಗೂ ಬನ್ನಿಯ ಆಶೀರ್ವಾದ. ಕೂಸಿನ ಮೂಗಿಗೆ ನನ್ನ ಪರವಾಗಿ ಒಂದು ಮುತ್ತು. ನಾವಿಬ್ಬರೂ ಬಂಗಾರದಂತೆ ಇರೋಣ.

ನಿನ್ನ,
ಗುರುಪಾದ

ತಾ.ಕ.: ಹದಿನೈದು ದಿನದ ಹಿಂದೆ ನಿನ್ನ ತಮ್ಮ ಬಸುವಿನ ಕೈಯಲ್ಲಿ ಕೂಸಿನ ಬಟ್ಟೆ ಕಳಿಸಿದ್ದೆನಲ್ಲ, ಅದರಲ್ಲಿನ ಹಸಿರು ಕುಂಚಿಗೆಯ ಮಡಿಕೆಯೊಳಗೆ ಒಂದು ಕಂದು ಲಕೋಟೆ ಇದೆ. ಒಳಗಿರುವುದು ಗೋದಾಮಿನ ಮಾಲೀಕರಿಗೆ ಬರೆದ ನನ್ನ ರಾಜೀನಾಮೆ. ನಿನ್ನನ್ನು ಕೇಳದೆ ಕೊಡಲು ಧೈರ್ಯವಾಗಲಿಲ್ಲ, ಬಾಯಿಬಿಟ್ಟು ಕೇಳಲೂ ಆಗಲಿಲ್ಲ. ಅಂದಿನಿಂದ ಫೋನ್ ಮಾಡಿದಾಗಲೆಲ್ಲ ನೀನು ಬೇರೆಲ್ಲ ಬಿಟ್ಟು ಮೊದಲು ಟ್ರೇನಿನ ಸುದ್ದಿ ಕೇಳುತ್ತಿರುವುದನ್ನು ನೋಡಿದರೆ ಓದಿದ್ದೀಯೆಂದೇ ಅನುಮಾನ. ಓದಿದ್ದರೂ ಇಲ್ಲದಿದ್ದರೂ, ನಾಳೆ ಕೂಸಿಗೆ ನೀರು ಕಾಯಿಸುವಾಗ ಅದನ್ನು ಬಚ್ಚಲ ಒಲೆಗೆ ಹಾಕಿಬಿಡು. ಲಕೋಟೆಯ ಮೇಲಿನ ಸ್ಟಾಂಪು ಮಾತ್ರ ಬಿಡಿಸಿಟ್ಟುಕೋ, ಹೊಸದು.