ಬಾಣಲೆಯ ಹೊಸ ಮೈ

ಜೂನ್ 3, ಬೆಳಿಗ್ಗೆ

ಗಾಜು ಒರೆಸಿದೆ. ಪಂಪು ಸರಿ. ನೀರಿನ ಉಪ್ಪು ಸರಿ. ಸಮುದ್ರಕುದುರೆಗಳು ಎಂದಿನಂತೆ ಹಸಿದ ಮುಖ ಹೊತ್ತು ಕಾದಿದ್ದವು. ಬಾಣಲೆ ಮಾತ್ರ ಇಂದೂ ತಿನ್ನಲಿಲ್ಲ. ಸಿಗಡಿ ಚೂರನ್ನು ಬಾಯಿಗೇ ಹಿಡಿದೆ. ಬಾಯಿ ಇರುವುದು ಕಾಲುಗಳ ನಡುವೆ! ಮುಟ್ಟಲೂ ಇಲ್ಲ.

ಅಕ್ವೇರಿಯಂಗೆ ಬಂದವರೆಲ್ಲ ಬಾಣಲೆಯ ತೊಟ್ಟಿಯ ಮುಂದೆ ಕೇಳುವುದು ಒಂದೇ — ಇದು ಕಲ್ಲಾ? ಬೋರ್ಡಿನಲ್ಲಿ ‘ಕುದುರೆಲಾಳದ ಏಡಿ’ ಎಂದಿದೆ. ಏಡಿಯೇ ಅಲ್ಲ, ಜೇಡ-ಚೇಳುಗಳ ಕಡೆಯ ನೆಂಟ. ನನ್ನ ಕಣ್ಣಿಗೆ ಮಗುಚಿಟ್ಟ ಬಾಣಲೆ, ಹಿಂದೊಂದು ಉದ್ದ ಹಿಡಿ. ರಕ್ತ ನೀಲಿ. ಕಣ್ಣು ಎಲ್ಲೆಲ್ಲೋ, ಬಾಲಕ್ಕೂ ಬೆಳಕು ತಿಳಿಯುತ್ತದಂತೆ. ಡೈನೋಸಾರ್‌ಗಳು ಬಂದು ಹೋದವು, ಇದರ ವಂಶ ಹೀಗೇ ತೆವಳಿಕೊಂಡಿದೆ. ಕೆಲಸಕ್ಕೆ ಸೇರಿದಾಗಿನಿಂದ ನೋಡುತ್ತಿದ್ದೇನೆ, ಇನ್ನೂ ಕಣ್ಣು ತಣಿದಿಲ್ಲ.

ಜೂನ್ 5

ಬಾಗಿಲಲ್ಲೇ ಅತ್ತೆ ಮೂಗು ಮುಚ್ಚಿಕೊಂಡರು. ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಆಯಸ್ಸು ಕಳೆದವರಿಗೆ ಮೀನಿನ ವಾಸನೆ ಆಗದು. ರಿಟೈರ್ ಆಗಿ ಬಂದಮೇಲೆ ದಿನವಿಡೀ ಕಿಟಕಿ, ಕಿಟಕಿ ಬಿಟ್ಟರೆ ಹಾಸಿಗೆ. ನಮ್ಮ ಯಜಮಾನರು ಹಡಗಿನ ಕೆಲಸಕ್ಕೆ ಹೋದಾಗಿನಿಂದ ಮನೆಯಲ್ಲಿ ನಾವಿಬ್ಬರೇ. ಎಣ್ಣೆ-ಸೀಗೆಕಾಯಿ.

ಬಾಣಲೆ ಊಟ ಬಿಟ್ಟಿದೆ ಎಂದೆ, ಸುಮ್ಮನೆ. ತಟ್ಟನೆ ತಿರುಗಿದರು. ಯಾವತ್ತಿನಿಂದ, ಓಡಾಡುತ್ತದೆಯೇ, ಮೂಲೆ ಹಿಡಿದಿದೆಯೇ… ಇಷ್ಟು ಮಾತು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಜೂನ್ 9

ಮ್ಯಾನೇಜರ್ ಬಂದರು. ಅದು ಸತ್ತಿದೆ, ನೀರು ಕೆಡುವ ಮೊದಲು ತೆಗೆಯಿರಿ, ಬಣ್ಣದ ಮೀನು ಬಿಡೋಣ ಎಂದರು. ಅಂಚು ಎತ್ತಿ ತೋರಿಸಿದೆ — ಕಿವಿರು ಪುಸ್ತಕದ ಹಾಳೆಯಂತೆ ಮೆಲ್ಲಗೆ ಮಗುಚುತ್ತಿತ್ತು. ಅರೆಮನಸ್ಸಿನಿಂದ ನಾಳೆ ಸಂಜೆವರೆಗೆ ಗಡುವು ಕೊಟ್ಟರು.

ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದೆ. ಚಿಪ್ಪು ಕಳಚುವ ಕಾಲವಿರಬೇಕು ಎಂದರು. ತೊಟ್ಟಿಯಲ್ಲಿ ಸಾಕಿದವು ಎಷ್ಟೋ ಸಲ ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತವಂತೆ. ಏನೇ ಆದರೂ ಕೈ ಹಾಕಬಾರದು, ಕಾಲೇ ಕಿತ್ತು ಬರುತ್ತದಂತೆ.

ಅತ್ತೆಗೆ ಹೇಳಿದೆ. ಎದ್ದುಹೋಗಿ ಸೀರೆಗೆ ಇಸ್ತ್ರಿ ಹಾಕತೊಡಗಿದರು. “ನಾಳೆ ನಾನೂ ಬರ್ತೀನಿ.”

ಜೂನ್ 10, ಮಧ್ಯಾಹ್ನ

ಬಿರಿದಿದೆ. ಮುಂದಿನ ಅಂಚು ತುಟಿಯಂತೆ ತೆರೆದು, ಒಳಗಿನಿಂದ ಇನ್ನೊಂದು ಬಾಣಲೆ — ನಸುಹಳದಿ, ಒದ್ದೆ ಕಾಗದದಷ್ಟು ಮೆತ್ತಗೆ — ಇಷ್ಟಿಷ್ಟೇ ಮುಂದಕ್ಕೆ. ಕಣ್ಣಿನಿಂದ ಕಣ್ಣು ಕಳಚುತ್ತಿದೆ. ಕಾಲಿನೊಳಗಿಂದ ಕಾಲು. ಮ್ಯಾನೇಜರ್ ಬಂದು ಕೈಕಟ್ಟಿ ನಿಂತರು. ಗಡುವಿನ ಮಾತೇ ಎತ್ತಲಿಲ್ಲ.

ಸಂಜೆ

ಮುಕ್ಕಾಲು ಬಂದು ನಿಂತುಬಿಟ್ಟಿತು. ಬಾಲವೂ ಹಿಂದಿನ ಭಾಗವೂ ಹಳೆಯದರೊಳಗೇ. ಕಾದೆವು. ಅಲುಗಾಟವಿಲ್ಲ. ನನ್ನ ಕೈ ತಾನಾಗಿಯೇ ನೀರಿಗಿಳಿಯಿತು. ಅತ್ತೆ ಮಣಿಕಟ್ಟು ಹಿಡಿದರು.

“ಬೇಡ ಕಣಮ್ಮ. ಸುಸ್ತಾಗಿದೆ, ಅಷ್ಟೇ.”

“ಸತ್ತುಹೋದ್ರೆ ಅತ್ತೆ?”

“ಹೋಗಬಹುದು. ಎಳೆದ್ರೆ ಹೋಗೇ ಹೋಗುತ್ತೆ.”

ಆಮೇಲೆ ಗಾಜಿಗೆ ಹಣೆ ಹಚ್ಚಿ, ಮೆಲ್ಲಗೆ: “ಅವಸರ ಇಲ್ಲ ತಾಯಿ. ನಿನ್ನ ಹೊತ್ತಿಗೆ ನೀನು ಬಾ.” ಎಷ್ಟು ಹೆಂಗಸರ ತಲೆಯ ಬಳಿ ನಿಂತು ಹೀಗೆ ಹೇಳಿದ್ದರೋ. ನನಗೆ ಅತ್ತೆಯನ್ನು ನೋಡಬೇಕೋ ಅದನ್ನು ನೋಡಬೇಕೋ ತಿಳಿಯಲಿಲ್ಲ.

ಬಂತು. ಬಾಲದ ತುದಿಯವರೆಗೂ ಬಂತು.

ಒಂದೇ ತೊಟ್ಟಿಯಲ್ಲಿ ಈಗ ಎರಡು. ಹಳೆಯದು ಪೂರ್ತಿ ಬಾಣಲೆಯೇ, ಒಳಗೆ ಯಾರೂ ಇಲ್ಲ ಅಷ್ಟೇ. ಹೊಸದು ಅದಕ್ಕಿಂತ ದೊಡ್ಡದು. ಅದರೊಳಗೆ ಇದು ಹೇಗೆ ಹಿಡಿಸಿತ್ತು?

“ಮಕ್ಕಳೂ ಹಾಗೇ,” ಎಂದರು ಅತ್ತೆ. “ಕೈಯಲ್ಲಿ ಎತ್ತಿಕೊಂಡಾಗ, ಇಷ್ಟುದ್ದ ಎಲ್ಲಿತ್ತು ಅನ್ಸುತ್ತೆ. ಒಂದು ದಿನವೂ ಹಾಗೆ ಅನ್ನಿಸದೆ ಇರ್ಲಿಲ್ಲ.”

ಆದರೆ ಹೊರಬಂದದ್ದು ಬಿದ್ದಲ್ಲೇ ಬಿದ್ದಿದೆ.

ಜೂನ್ 11, ಬೆಳಿಗ್ಗೆ

ನಾನು ಏಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿದ್ದರು. ಬಸ್ಸಿನಲ್ಲಿ ಇಬ್ಬರಿಗೂ ಒಂದೇ ದಿಗಿಲು.

ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇವೆ. ಮೈ ಬಣ್ಣ ತುಸು ಕಂದಿದೆ. ಗಟ್ಟಿಯಾಗುತ್ತಿದೆಯೋ, ಅಥವಾ… ಬರೆಯಲಾರೆ. ಮ್ಯಾನೇಜರ್ ತಾವೇ ಎರಡು ಲೋಟ ಚಹಾ ತಂದಿಟ್ಟು ಹೋದರು. ಆರಿ ತಣ್ಣಗಾಯಿತು.

ಮರಳು ಕದಡಿತು. ಪಂಪಿನ ಸೆಳೆತವೇ? ಅಲ್ಲ. ಒಂದು ಕಾಲು. ಇನ್ನೊಂದು. ಬಾಲ ಎತ್ತಿತು — ಹೊರಟಿದೆ, ತನ್ನ ಹಳೆಯ ಮೈಯನ್ನೇ ಬಳಸಿಕೊಂಡು, ಇತ್ತಕಡೆಗೇ —

ಆಮೇಲೆ ಬರೆಯುವೆಯಂತೆ, ಈಗ ನೋಡು ಎನ್ನುತ್ತಿದ್ದಾರೆ ಅತ್ತೆ. ಪೆನ್ನು ಇಡುತ್ತಿದ್ದೇ —