ಹದಿನಾರು ಇಂಚಿನ ಹಟ

ಸೈಕಲ್ ಅಂಗಡಿಯ ಬೆಂಚಿನಿಂದ,
ತಾರೀಖು ಹನ್ನೆರಡು, ಗುರುವಾರ ಬೆಳಿಗ್ಗೆ

ಮನೆಯಾಕೆಗೆ,

ನೀನು ಹೇಗಿದ್ದೀಯ? ಮಗಳ ಕಾಲಿನ ಪ್ಲಾಸ್ಟರ್ ಬಿಚ್ಚಿದರೋ, ಇಲ್ಲ ಆ ಡಾಕ್ಟರು ಇನ್ನೂ ಮುಂದಿನ ವಾರ, ಮುಂದಿನ ವಾರ ಅನ್ನುತ್ತಲೇ ಇದ್ದಾನೋ? ಅವಳನ್ನು ಎತ್ತಿ ಕೂರಿಸಲು ಹೋಗಿ ನೀನು ಸೊಂಟ ಹಿಡಿಸಿಕೊಳ್ಳಬೇಡ. ಅಳಿಯ ಅಷ್ಟು ಎತ್ತರ ಬೆಳೆದು ನಿಂತಿರುವುದು ಬಲ್ಬು ಬದಲಾಯಿಸುವುದಕ್ಕೆ ಮಾತ್ರವಲ್ಲ, ಅವನ ಕೈಲೂ ಕೆಲಸ ಮಾಡಿಸು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ನಿನ್ನ ಮಗ ಈ ಮನೆಯಲ್ಲಿರುವವರೆಗೆ ಅದು ಇಳಿಯುವುದೂ ಇಲ್ಲ.

ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ “ಅವನ ದುಡ್ಡು, ಅವನ ಕಾರು, ನಿಮಗ್ಯಾಕ್ರೀ ಬೇಕು?” ಅಂತ ಕಟ್ ಮಾಡಿಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಪೂರ್ತಿ ಓದು. ಮಗಳು ನಿನಗೆ ಹೇಳಿರುವುದೆಲ್ಲ ಅವಳ ತಮ್ಮ ಅವಳಿಗೆ ಊದಿದ್ದು. ನಡೆದದ್ದು ಇದು.

ಆ ಕಾರಿಗೆ ಕಂಪನಿಯವರು ಹಾಕಿ ಕೊಟ್ಟಿದ್ದು ಹದಿನಾಲ್ಕು ಇಂಚಿನ ಚಕ್ರ. ಗಟ್ಟಿಮುಟ್ಟಾಗಿದೆ, ಟೈರಿನ ಮೇಲಿನ ಗೆರೆಗಳು ಇನ್ನೂ ಅರ್ಧವೂ ಸವೆದಿಲ್ಲ. ನಿನ್ನ ಮಗನಿಗೆ ಹದಿನಾರು ಬೇಕಂತೆ. ಬೆಳ್ಳಿಯ ಹಾಗೆ ಹೊಳೆಯುವ ಅಲಾಯ್ ರಿಮ್ಮು, ಐದು ಕಡ್ಡಿಯದು. ಬೆಲೆ ಎಷ್ಟು ಗೊತ್ತೇನೇ? ಎರಡೂವರೆ ತಿಂಗಳು ಅವನು ಗಾಜು ಕತ್ತರಿಸಿ ಬೆರಳು ಕೊಯ್ದುಕೊಂಡರೆ ಬರುವ ಸಂಬಳ! ಅದೂ ನಾಲ್ಕೇ ಚಕ್ರಕ್ಕೆ. ಡಿಕ್ಕಿಯಲ್ಲಿರುವ ಐದನೆಯದು ಹಳೆಯ ಹದಿನಾಲ್ಕೇ. ದಾರಿಯಲ್ಲಿ ಪಂಕ್ಚರ್ ಆದರೆ ಮೂರು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ ಹಾಗೆ ಮನೆಗೆ ಬರಬೇಕು. ಕಾರು ಓಡುವುದಕ್ಕೆ ಚಕ್ರವೋ, ಗಾಜಿನಂಗಡಿಯ ಮುಂದೆ ನಿಲ್ಲಿಸಿ ನೋಡಿಕೊಳ್ಳುವುದಕ್ಕೆ ಚಕ್ರವೋ, ಕೇಳಿದೆ. “ಎರಡಕ್ಕೂ ಅಪ್ಪಾ” ಅಂದ. ನಗುತ್ತಲೇ ಅಂದ, ಅದು ಬೇರೆ.

ಹೋದ ಭಾನುವಾರದ ಹಿಂದಿನ ಭಾನುವಾರ ಟೈರ್ ಅಂಗಡಿಯವನ ಹತ್ತಿರ, ಅದೇ ಆ ದಪ್ಪ ಕನ್ನಡಕದ ಸೋಡಾಬುಡ್ಡಿಯ ಹತ್ತಿರ ಹೊರಟ. ಜೊತೆಗೆ ಗಾಜಿನಂಗಡಿಯ ಇಬ್ಬರು ಗೆಳೆಯರು. ನನ್ನನ್ನು ಕರೆಯಲಿಲ್ಲ. ಹೆತ್ತಪ್ಪನಿಗೆ ಕರೆ ಬೇರೆ ಬೇಕಾ? ಚಾಕ್‌ಪೀಸು, ದಾರ ತೆಗೆದುಕೊಂಡು ನಾನೂ ಹೋದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಿಜ, ಆದರೆ ನಲವತ್ತು ವರ್ಷದಿಂದ ಚಕ್ರ ತಿರುಗಿಸಿಯೇ ನಿಮ್ಮೆಲ್ಲರ ಹೊಟ್ಟೆ ತುಂಬಿಸಿದ್ದೇನೆ. ಇಪ್ಪತ್ತನಾಲ್ಕರ ಸೈಕಲ್ಲಿಗೆ ಇಪ್ಪತ್ತಾರರ ರಿಮ್ಮು ಹಾಕಿದರೆ ಫೋರ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟೇ ಲೆಕ್ಕ. ಕಾರಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ. ಮೂರು ಬೆರಳು ಜಾಗ. ರಿಮ್ಮು ಎರಡು ಇಂಚು ದೊಡ್ಡದಾದರೆ ಚಕ್ರ ಒಂದು ಇಂಚು ಮೇಲೇರುತ್ತದೆ. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ಗಾಜು ಹೇರಿದರೆ ಕಾರು ಇನ್ನಷ್ಟು ಕೂರುತ್ತದೆ. ತಿಕ್ಕದೆ ಇರುತ್ತದಾ? ನಾನು ಹೇಳಿದೆ. ಅವನು “ಹಾಗಲ್ಲಪ್ಪಾ, ರಿಮ್ ದೊಡ್ಡದಾದಷ್ಟೂ ರಬ್ಬರ್ ಗಿಡ್ಡ ಬರತ್ತೆ, ಹೊರಗಿನ ಎತ್ತರ ಅಷ್ಟೇ ಇರತ್ತೆ” ಅಂದ. ನನಗೇ ಚಕ್ರದ ಪಾಠ! ತಲೆ ಕೆಟ್ಟಿತು. “ಅಳತೆ ಹಿಡಿಯೋಕೆ ಬರಲ್ಲ ನಿನಗೆ! ಇನ್ನೆಷ್ಟು ಜನರ ಮನೆ ಗಾಜು ಹಾಳು ಮಾಡಿದೀಯೋ ದೇವರಿಗೇ ಗೊತ್ತು” ಅಂದುಬಿಟ್ಟೆ. ಮೆಲ್ಲಗೆ ಹೇಳಲಿಲ್ಲ, ಮೆಲ್ಲಗೆ ಹೇಳುವುದು ನನಗೆ ಯಾವತ್ತು ಬಂದಿದೆ? ಆ ಇಬ್ಬರೂ ಕಿಸಕ್ಕನೆ ನಕ್ಕರು. ನಿನ್ನ ಮಗ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು, ಕಾರನ್ನೂ ಅಲ್ಲೇ ಬಿಟ್ಟು, ನಡೆದುಕೊಂಡು ಮನೆಗೆ ಹೋದ.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಗ್ಯಾಸ್ ಮುಗಿದರೆ “ಗ್ಯಾಸ್ ಮುಗಿದಿದೆ” ಅಂತ ಗೋಡೆಗೆ ಹೇಳುತ್ತಾನೆ. “ತರಿಸಿದ್ದೇನೆ” ಅಂತ ನಾನೂ ಗೋಡೆಗೇ ಹೇಳುತ್ತೇನೆ. ಆ ಗೋಡೆಗಾದರೂ ನಮ್ಮ ಮನೆಯಲ್ಲಿ ಬೆಲೆ ಬಂತು. ಕಾರನ್ನು ಮಾರನೆಯ ದಿನ ತಂದು ನಿಲ್ಲಿಸಿದ. ಚಕ್ರದ ಸುದ್ದಿ ಎತ್ತುತ್ತಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮೊನ್ನೆ ಸುಮ್ಮನಿರಲಾರದೆ ವಾಲ್ವು ಬೇಕು ಅನ್ನುವ ನೆಪ ಮಾಡಿಕೊಂಡು ಸೋಡಾಬುಡ್ಡಿಯ ಹತ್ತಿರ ಹೋದೆ. “ತೋರಿಸಯ್ಯಾ ನಿನ್ನ ಹದಿನಾರು” ಅಂದೆ. ಅವನು ಟೈರು ಹಾಕಿದ ಹದಿನಾಲ್ಕನ್ನೂ ಹದಿನಾರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಮೇಲೆ ಹಲಗೆ ಇಟ್ಟ. ಹಲಗೆ ಯಾವ ಕಡೆಗೂ ವಾಲಲಿಲ್ಲ. ಕಣ್ಣು ನಂಬದೆ ಎರಡಕ್ಕೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ ನೆಲದ ಮೇಲೆ ಒಂದೊಂದು ಸುತ್ತು ಉರುಳಿಸಿದೆ. ಎರಡೂ ಒಂದೇ ಕಡೆ ಬಂದು ನಿಂತವು, ಬೆರಳಗಲ ವ್ಯತ್ಯಾಸ ಇದ್ದರೆ ಹೆಚ್ಚು. ನನಗೆ ಅಲ್ಲೇ ಮೈ ಉರಿಯಿತು. ಯಾಕೆ ಅಂತೀಯಾ? ಎತ್ತರ ಅಷ್ಟೇ ಆದರೆ ಏನಾಯಿತು? ಹೆಚ್ಚಾಗಿದ್ದು ತಗಡು, ಕಮ್ಮಿಯಾಗಿದ್ದು ರಬ್ಬರು! ರಬ್ಬರು ಕಮ್ಮಿ ಮಾಡಿ ದುಡ್ಡು ಜಾಸ್ತಿ ಕೇಳುವ ವ್ಯಾಪಾರವನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ ಕಣೇ. ಆ ಟೈರಿನ ಪಕ್ಕದ ರಬ್ಬರು ನನ್ನ ಅಂಗೈಯಷ್ಟೂ ಅಗಲವಿಲ್ಲ. ನೀರಿನ ಟ್ಯಾಂಕಿನ ಹತ್ತಿರದ ಗುಂಡಿಗೆ ಇಳಿದರೆ ಪೆಟ್ಟು ನೇರ ರಿಮ್ಮಿಗೆ, ಅಲ್ಲಿಂದ ಸೀಟಿಗೆ, ಸೀಟಿನಿಂದ ಗಾಜಿಗೆ. ಒಂದು ನಿಲುವುಗನ್ನಡಿ ಒಡೆದರೆ ಒಂದು ವಾರದ ಸಂಬಳ ಹೋಯಿತು. ಈ ಲೆಕ್ಕವನ್ನು ಅವನು ಹಾಕಿದ್ದಾನಾ? ಸೋಡಾಬುಡ್ಡಿಯೇ ಕೊನೆಗೆ “ಹದಿನೈದು ಹಾಕಿಸಿ ಯಜಮಾನ್ರೇ, ಇದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿಯವರೇ ಹಾಕ್ತಾರೆ, ರಬ್ಬರೂ ಇರತ್ತೆ, ಲಕ್ಷಣವೂ ಇರತ್ತೆ” ಅಂದ. ಬೆಲೆಯೂ ಒಂದು ತಿಂಗಳ ಸಂಬಳದಷ್ಟು ಕಮ್ಮಿ. ನೋಡೋಣ ಅಂದೆ. ಅವನು ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದ, ನಾನು ವಾಲ್ವು ಮರೆತೇ ಬಂದೆ.

ಬರುವಾಗ ಗಾಜಿನಂಗಡಿಯ ಹಿಂಬಾಗಿಲ ಕಡೆಯಿಂದ ಬಂದೆ. ಒಳಗೆ ನಿನ್ನ ಮಗ ಮೇಜಿನ ಮೇಲೆ ಗಾಜು ಹಾಸಿಕೊಂಡು ಟೇಪು ಹಿಡಿದಿದ್ದ. ಒಂದು ಸಲ ಅಳೆದ. ಬರೆದುಕೊಂಡ. ಮತ್ತೆ ಅಳೆದ. ಆ ಇಬ್ಬರು ಗೆಳೆಯರಲ್ಲಿ ಕುಳ್ಳಗಿರುವವನು “ಯಾಕೋ, ಅನುಮಾನಾನಾ? ನಿಮ್ಮಪ್ಪನ್ನ ಕರೆಸೋಣ್ವಾ, ದಾರ ಹಿಡ್ಕೊಂಡು ಬರ್ತಾರೆ” ಅಂದ. ಒಳಗಿದ್ದವರೆಲ್ಲ ನಕ್ಕರು. ಇವನು ಮತ್ತೆ ಟೇಪು ಎಳೆದ. ಮೂರನೆಯ ಸಲ ಅಳೆದ. ಹತ್ತು ವರ್ಷದಿಂದ ಗಾಜು ಕುಯ್ಯುವವನು, ಕಣ್ಣಳತೆಯಲ್ಲೇ ಕೂದಲೆಳೆ ಹಿಡಿಯುವವನು! ಆ ಕುಳ್ಳನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಆ ಮಾತನ್ನು ಅವನ ಬಾಯಿಗೆ ಹಾಕಿಕೊಟ್ಟವನು ಯಾರು? ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದೆ.

ಹಾಗಂತ ಅವನ ಹತ್ತಿರ ಹೋಗಿ ತಪ್ಪಾಯಿತು ಅನ್ನುತ್ತೇನೆ ಅಂದುಕೊಳ್ಳಬೇಡ. ಹದಿನಾರು ಇಂಚು ದಂಡ ಅನ್ನುವುದರಲ್ಲಿ ನನ್ನ ಮಾತು ಸರಿಯೇ. ಮಗನ ಮುಂದೆ ಕೈಕಟ್ಟಿ ನಿಲ್ಲುವ ಅಪ್ಪ ನಾನಲ್ಲ. ನೀನೂ ಬಂದು ನನಗೆ ಬುದ್ಧಿ ಹೇಳುವ ಅಗತ್ಯವಿಲ್ಲ, ಮಗಳ ಕಾಲು ಸರಿಹೋಗುವವರೆಗೆ ಅಲ್ಲೇ ಇರು.

ಮಗಳಿಗೆ ನನ್ನ ಆಶೀರ್ವಾದ ಹೇಳು. ಕುಂಟಿಕೊಂಡಾದರೂ ದಿನಕ್ಕೆ ನಾಲ್ಕು ಹೆಜ್ಜೆ ಹಾಕಲಿ. ಅಳಿಯನಿಗೂ ಇರಲಿ ಒಂದು ಆಶೀರ್ವಾದ.

ಇಂತಿ,
ನಿನ್ನ ಬಾಯಿಬಡುಕ

ತಾ.ಕ.: ಸ್ಟಾಂಪು ಇಲ್ಲದೆ ಕಾಗದ ಎರಡು ದಿನ ಇಲ್ಲೇ ಬಿದ್ದಿತ್ತು. ಇವತ್ತು ಶನಿವಾರ. ಈಗಷ್ಟೇ ಗಾಜಿನಂಗಡಿಗೆ ಹೋಗಿ ಬಂದೆ, ಮುಂಬಾಗಿಲಿನಿಂದಲೇ. ಎಲ್ಲರೂ ಇದ್ದರು, ಆ ಕುಳ್ಳನೂ ಇದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನನ್ನ ಅಂಗಡಿ ಕಿಟಕಿಗೆ ಗಾಜು ಬೇಕು. ಅಳತೆ ನಾನು ತಂದಿಲ್ಲ. ಚಕ್ರದ ಅಳತೇನೇ ತಪ್ಪು ಹೇಳಿದೋನು ನಾನು, ಇವನು ಹೇಳಿದ್ದೇ ಸರಿ ಇತ್ತು. ಇವನೇ ಬಂದು ಅಳೀಲಿ, ಬೇರೆ ಯಾರೂ ಬೇಡ.” ಕುಳ್ಳ ಬಟ್ಟೆ ಎತ್ತಿಕೊಂಡು ಗಾಜು ಒರೆಸತೊಡಗಿದ. ನಿನ್ನ ಮಗ ಟೇಪನ್ನು ಜೇಬಿಗೆ ಹಾಕಿಕೊಂಡು “ನಡಿಯಪ್ಪಾ” ಅಂದ. ಕಾರಿನಲ್ಲೇ ಬಂದೆವು. ಅಂಗಡಿ ಮುಟ್ಟುವವರೆಗೂ ಹದಿನೈದು ಹದಿನಾರು ಅಂತ ಒಂದೇ ಸಮನೆ ಜಗಳ. ಕಿಟಕಿಯನ್ನು ಒಂದೇ ಸಲ ಅಳೆದ. ಒಂದೇ ಸಲ ಕಣೇ. ನೀನು ಫೋನು ಮಾಡಿ ಹದಿನೈದು ಸಾಕು ಅನ್ನು, ನಿನ್ನ ಮಾತು ಕೇಳುತ್ತಾನೆ. ಇನ್ನೊಂದು ಮಾತು, ಇದನ್ನು ಅವನಿಗೆ ಹೇಳಬೇಡ: ಕಿಟಕಿಯ ಗಾಜು ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಸ್ಪ್ಯಾನರಿನಲ್ಲಿ ನಾನೇ ಒಡೆದೆ.